ಕೈಪಿಡಿಗೊಂದು ಮನೆ

ಉಪಕರಣವನ್ನು ಮಾಡಿಕೊಡುವುದು ಅರ್ಧ ಕೆಲಸ. ಅದನ್ನು ಬಳಸುವ ಬಗೆಯನ್ನು ತಿಳಿಸಿಕೊಡುವುದು ಉಳಿದ ಅರ್ಧ. ಪುತ್ತೂರು, ಸುಳ್ಯ, ಕಡಬಗಳ ತೋಟಗಾರರಿಗೆ ಈ ಮಾತನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಮುಂಗಾರು ಬಲವಾಗಿ ಹಿಡಿಯುವ ಮುನ್ನ ಅಡಿಕೆಯ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸದೆ ಹೋದರೆ ಕೊಳೆರೋಗ ತಪ್ಪಿದ್ದಲ್ಲ. ಆದರೆ ಮೈಲುತುತ್ತನ್ನೂ ಸುಣ್ಣವನ್ನೂ ಅಂಗಡಿಯಿಂದ ಕೊಂಡು ತಂದ ಮಾತ್ರಕ್ಕೆ ಅದು ಔಷಧವಾಗದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ಆಮೇಲೆ ಬೆರಸಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿ, ಅದಕ್ಕೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಆಳವಾಗಿ ಅಭ್ಯಸಿಸಿದ ಲೆಸ್ಲಿ ಕೋಲ್ಮನ್ ಅವರ ಗ್ರಂಥ 1910ರಲ್ಲಿ ಹೊರಬಂದಿತು. ಮದ್ದು ಪೊಟ್ಟಣದಲ್ಲಿದ್ದರೂ ಮದ್ದಿನ ವಿದ್ಯೆ ಕಾಗದದ ಮೇಲೆ ಇರಬೇಕಾಗುತ್ತದೆ. ಆ ಕಾಗದ ಬೇಕಾದ ಹೊತ್ತಿಗೆ ಕೈಗೆ ಸಿಗಬೇಕಾಗುತ್ತದೆ. ಮಳೆಯಂತೂ ನಮಗಾಗಿ ಕಾಯುವುದಿಲ್ಲ.

ನಾನು ಇಂದು ಬರೆಯಹೊರಟಿರುವುದು ಇಂಥದೇ ಒಂದು ಕಾಗದದ ವಿಷಯ. ಆದರೆ ಅದು ತೋಟಕ್ಕೆ ಸೇರಿದುದಲ್ಲ, ಗಣಕಯಂತ್ರಕ್ಕೆ ಸೇರಿದುದು. ಈ ಸೀಮೆಯಲ್ಲಿ ಹಲವು ವರ್ಷ ಗಣಕದ ಪಾಠ ಹೇಳಿದ ನನಗೆ, ತಂತ್ರಾಂಶಗಳಿಗಿಂತ ಹೆಚ್ಚಾಗಿ ಅವುಗಳ ಕೈಪಿಡಿಗಳ ಗತಿಯೇ ಚಿಂತೆಗೆ ಕಾರಣವಾಗಿದೆ. ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ವಂಶದಲ್ಲಿ ಹುಟ್ಟಿದ ಯಂತ್ರಗಳಲ್ಲಿ (ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ಅದೇ ವಂಶದ್ದು) ತಂತ್ರಾಂಶವೊಂದು ನೆಲೆಗೊಳ್ಳುವಾಗ ಅದರ ಕೈಪಿಡಿಯೂ ಜೊತೆಯಲ್ಲಿ ಬರುತ್ತದೆಯೇ, ಬಂದರೆ ಎಲ್ಲಿ ಕೂರುತ್ತದೆ, ಕುಳಿತಿದ್ದರೆ ಓದುಗನಿಗೆ ಕಾಣುತ್ತದೆಯೇ, ಕಂಡರೆ ಅವನ ಭಾಷೆಯಲ್ಲಿ ಮಾತನಾಡುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಸಾಹಿತ್ಯದ ಪುಟದಲ್ಲಿ ಇದೇಕೆ ಎಂದು ಯಾರಾದರೂ ಕೇಳಿದರೆ, ಬರೆದುದನ್ನು ಓದುವವನ ಕೈಗೆ ತಲುಪಿಸುವ ಚಿಂತೆ ಸಾಹಿತ್ಯದ್ದಲ್ಲದೆ ಇನ್ನಾರದು ಎಂದು ಮರುಪ್ರಶ್ನೆ ಹಾಕುವೆ.

ಯೂನಿಕ್ಸ್ ಹುಟ್ಟಿದುದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಅದನ್ನು ಕಟ್ಟಿದ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅವರು 1971ರ ನವೆಂಬರ್ 3ರ ತಾರೀಖಿನಲ್ಲಿ ಅದರ ಕೈಪಿಡಿಯ ಮೊದಲ ಆವೃತ್ತಿಯನ್ನು ಹೊರತಂದರು. ಆ ಪ್ರಯೋಗಶಾಲೆಯಲ್ಲಿ ಯೂನಿಕ್ಸಿಗೆ ದೊಡ್ಡ ಯಂತ್ರ ದೊರೆತುದಕ್ಕೂ ಬರವಣಿಗೆಯೇ ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. ಪೇಟೆಂಟ್ ವಿಭಾಗದವರಿಗೆ ಅರ್ಜಿಗಳನ್ನು ಅಚ್ಚುಕಟ್ಟಾಗಿ ಅಚ್ಚಿಳಿಸಿಕೊಡುವ ಸಾಧನ ಬೇಕಾಗಿತ್ತು. ಅದನ್ನು ಒದಗಿಸುವೆವೆಂಬ ಭರವಸೆಯ ಮೇಲೆ ಯಂತ್ರ ಬಂದಿತು. ಹೀಗೆ ಯೂನಿಕ್ಸಿನ ಬಾಲ್ಯ ಅಕ್ಷರದ ಮಗ್ಗುಲಲ್ಲಿಯೇ ಕಳೆಯಿತು.

ಆ ಮೊದಲ ಕೈಪಿಡಿಯ ರಚನೆಯನ್ನು ನೋಡಿದರೆ ಇಂದಿಗೂ ಗೌರವ ಉಂಟಾಗುತ್ತದೆ. ಒಂದೊಂದು ಆಜ್ಞೆಗೆ ಒಂದೊಂದು ಬರಹ. ಮೊದಲು ಹೆಸರು, ಬಳಿಕ ಬಳಸುವ ಕ್ರಮ, ಬಳಿಕ ವಿವರಣೆ, ಸಂಬಂಧಪಟ್ಟ ಕಡತಗಳು, ‘ಇದನ್ನೂ ನೋಡಿ’ ಎಂಬ ಸೂಚನೆ. ಕೊನೆಯಲ್ಲಿ ‘ದೋಷಗಳು’ ಎಂಬ ಶೀರ್ಷಿಕೆ, ಆಮೇಲೆ ಅದಕ್ಕೆ ಹೊಣೆಗಾರ ಯಾರೆಂಬ ಗುರುತು. ತಾನು ಮಾಡಿದ ವಸ್ತುವಿನ ಕುಂದನ್ನು ತಾನೇ ಬರೆದು, ಕೆಳಗೆ ತನ್ನ ಹೆಸರನ್ನೂ ಇಡುವ ಪ್ರಾಮಾಣಿಕತೆ ಯಾವ ವ್ಯಾಪಾರದಲ್ಲಿಯೂ ಅಪರೂಪವೇ. ಕ್ರಮೇಣ ಈ ಬರಹಗಳು ಯಂತ್ರದೊಳಗೇ ನೆಲಸಿದವು. ‘ಮ್ಯಾನ್’ ಎಂದು ಬರೆದು ಮುಂದೆ ಬೇಕಾದ ಆಜ್ಞೆಯ ಹೆಸರನ್ನು ಇಟ್ಟರೆ ಸಾಕು, ಆ ಬರಹ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಗುರು ಮನೆಯಲ್ಲಿಲ್ಲದಿದ್ದರೂ ಗುರುವಿನ ಮಾತು ಮನೆಯಲ್ಲಿತ್ತು.

ಇನ್ನು ಆ ಬರಹಗಳಿಗೆ ಇರಲು ಒಂದು ಠಾವು ಬೇಕಷ್ಟೆ. ಒಂದು ಯಂತ್ರದಲ್ಲಿ ಸಾವಿರಾರು ತಂತ್ರಾಂಶದ ಕಟ್ಟುಗಳು. ಒಂದೊಂದಕ್ಕೂ ಒಂದೊಂದು ಊರಿನ ಕರ್ತೃ. ಒಬ್ಬೊಬ್ಬನೂ ತನಗೆ ತೋಚಿದಲ್ಲಿ ಕೈಪಿಡಿಯನ್ನು ಇಟ್ಟುಹೋದರೆ ಹುಡುಕುವವನ ಪಾಡೇನು? ಈ ಗೊಂದಲವನ್ನು ತಡೆಯಲೆಂದು 1994ರ ಫೆಬ್ರವರಿಯಲ್ಲಿ ಲಿನಕ್ಸಿನ ಬಳಗದವರು ಕಡತಗಳ ನೆಲೆಯನ್ನು ಗೊತ್ತುಪಡಿಸುವ ಒಂದು ಕಟ್ಟಳೆಯನ್ನು ಮಾಡಿದರು. 1997ರಲ್ಲಿ ಅದು ವಿಸ್ತಾರಗೊಂಡು, ಲಿನಕ್ಸಿನ ಹೊರಗಿನ ಯೂನಿಕ್ಸುಗಳನ್ನೂ ಗಮನಕ್ಕೆ ತಂದುಕೊಂಡಿತು. 2015ರಲ್ಲಿ ಅದರ ಮೂರನೆಯ ಆವೃತ್ತಿ ಹೊರಬಂದಿತು. ಈ ಕಟ್ಟಳೆಯ ಪ್ರಕಾರ ಮ್ಯಾನ್ ಬರಹಗಳ ಮನೆ ‘/ಯುಎಸ್‌ಆರ್/ಶೇರ್/ಮ್ಯಾನ್’. ಉಳಿದ ಬಗೆಬಗೆಯ ದಾಖಲೆಗಳ ಮನೆ ‘/ಯುಎಸ್‌ಆರ್/ಶೇರ್/ಡಾಕ್’. ನಡುವಿನ ‘ಶೇರ್’ ಎಂಬ ಮಾತಿಗೆ ‘ಹಂಚಿಕೊಳ್ಳತಕ್ಕದ್ದು’ ಎಂದು ಅರ್ಥ. ಯಂತ್ರದ ಜಾತಿ ಯಾವುದಾದರೂ ಕೈಪಿಡಿ ಒಂದೇ ಆಗಿರುವುದರಿಂದ, ಒಂದೇ ಪ್ರತಿಯನ್ನು ಹಲವು ಯಂತ್ರಗಳು ಹಂಚಿಕೊಂಡು ಓದಬಹುದೆಂಬುದು ಅದರ ಹಿಂದಿನ ಆಲೋಚನೆ.

ಕಟ್ಟಳೆ ಮಾಡುವುದು ಸುಲಭ, ಮನೆ ಬದಲಾಯಿಸುವುದು ಕಷ್ಟ. ಮೊದಲು ದಾಖಲೆಗಳೆಲ್ಲ ಇದ್ದುದು ‘/ಯುಎಸ್‌ಆರ್/ಡಾಕ್’ ಎಂಬಲ್ಲಿ. ಸ್ವಯಂಸೇವಕರೇ ನಡೆಸುವ ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ಬಳಗ ಹೊಸ ಮನೆಗೆ ಹೋಗಲು ತೀರ್ಮಾನಿಸಿದಾಗ, ಸಾವಿರಾರು ಕಟ್ಟುಗಳನ್ನು ಒಂದೇ ರಾತ್ರಿಯಲ್ಲಿ ಸಾಗಿಸುವುದು ಆಗದ ಮಾತಾಯಿತು. ಕೆಲವು ಹೊಸ ಮನೆಯಲ್ಲಿ, ಕೆಲವು ಹಳೆಯದರಲ್ಲಿ ಉಳಿದರೆ ಓದುಗ ಎರಡು ಕಡೆಗೂ ಅಲೆಯಬೇಕು. 1999ರಲ್ಲಿ ಅವರ ತಾಂತ್ರಿಕ ಸಮಿತಿ ಇದಕ್ಕೊಂದು ಉಪಾಯವನ್ನು ವಿಧಿಸಿತು. ದಾಖಲೆ ಹೊಸ ಮನೆಗೆ ಹೋಗಲಿ. ಹಳೆಯ ವಿಳಾಸದಲ್ಲಿ, ಹೊಸ ವಿಳಾಸವನ್ನು ತೋರಿಸುವ ಒಂದು ಕೊಂಡಿ ಇರಲಿ. ಎಲ್ಲರೂ ಸಾಗಿದ ಮೇಲೆ ಕೊಂಡಿಗಳನ್ನು ಕಿತ್ತರಾಯಿತು.

ನಮ್ಮ ಸೀಮೆಯವರಿಗೆ ಈ ಸಂಗತಿ ಬೇಗ ಅರ್ಥವಾದೀತು. ಕಡಬ ತಾಲೂಕಾದುದು ಈಚಿನ ವರ್ಷಗಳಲ್ಲಿ. ಅಲ್ಲಿಯವರೆಗೆ ರಾಮಕುಂಜ ಪುತ್ತೂರು ತಾಲೂಕಿನಲ್ಲಿತ್ತು, ಸುಬ್ರಹ್ಮಣ್ಯ ಸುಳ್ಯದಲ್ಲಿತ್ತು. ಗೆರೆ ಬದಲಾದಾಗ ಊರು ಅಲುಗಲಿಲ್ಲ, ಹೊಳೆಯೂ ಅಲುಗಲಿಲ್ಲ. ಬದಲಾದುದು ವಿಳಾಸ ಮಾತ್ರ. ಹಳೆಯ ತಾಲೂಕಿನ ಹೆಸರನ್ನು ಬರೆದ ಕಾಗದವೂ ತಲುಪುವುದಾದರೆ ಅದು ಬಲ್ಲ ಅಂಚೆಯವನ ಪುಣ್ಯ. ಯಂತ್ರಕ್ಕೆ ಅಂಥ ಅಂಚೆಯವನಿಲ್ಲ. ಹಳೆಯ ವಿಳಾಸದಲ್ಲಿ ಸೂಚನೆಯನ್ನು ಯಾರಾದರೂ ಮುಂಚಿತವಾಗಿ ಬರೆದಿಟ್ಟಿರಬೇಕು. ಇದನ್ನು ಮರೆತರೆ ಬರಹ ಇದ್ದೂ ಇಲ್ಲದಂತೆ.

ವಿಳಾಸದ ಇನ್ನೊಂದು ತೊಡಕನ್ನೂ ಹೇಳಬೇಕು. ಫೆಡೋರಾ ಎಂಬ ಇನ್ನೊಂದು ಲಿನಕ್ಸಿನಲ್ಲಿ ಬಹುಕಾಲ ದಾಖಲೆಯ ಕೋಶದ ಹೆಸರಿನಲ್ಲಿಯೇ ತಂತ್ರಾಂಶದ ಆವೃತ್ತಿಯ ಸಂಖ್ಯೆಯೂ ಸೇರಿರುತ್ತಿತ್ತು. ತಂತ್ರಾಂಶ ಹೊಸದಾದಾಗಲೆಲ್ಲ ಕೋಶದ ಹೆಸರೂ ಹೊಸದಾಗುತ್ತಿತ್ತು. ಹಿಂದೆ ಗುರುತು ಹಾಕಿಟ್ಟುಕೊಂಡವನ ಗುರುತು ವ್ಯರ್ಥವಾಗುತ್ತಿತ್ತು. ಹುಟ್ಟುಹಬ್ಬ ಬಂದಾಗಲೆಲ್ಲ ಮನೆಯ ಹೆಸರನ್ನು ಬದಲಿಸುವವರ ಮನೆಗೆ ನೆಂಟರು ಬರುವುದು ಹೇಗೆ? 2013ರಲ್ಲಿ ಹೊರಬಂದ ಫೆಡೋರಾದ 20ನೆಯ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು ಕೈಬಿಟ್ಟರು. ಸಣ್ಣ ತಿದ್ದುಪಡಿ, ಆದರೆ ಅಂದಿನಿಂದ ಆ ವಿಳಾಸ ಸ್ಥಿರವಾಯಿತು. ಹಾಗೆಯೇ, ಕರ್ತೃಗಳು ತಂತ್ರಾಂಶವನ್ನು ಕಟ್ಟಲು ಬಳಸುವ ‘ಆಟೋಕಾನ್ಫ್’ ಎಂಬ ಸಾಧನದಲ್ಲಿ ದಾಖಲೆಗೆಂದೇ ಬೇರೆಯಾದ ಒಂದು ವಿಳಾಸಪದ ಸೇರಿದುದು 2006ರ 2.60ನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲು ‘ದಾಖಲೆಯನ್ನು ಎಲ್ಲಿಡಲಿ?’ ಎಂದು ಕೇಳುವುದಕ್ಕೆ ಆ ಸಾಧನದಲ್ಲಿ ಒಂದು ಸಾಮಾನ್ಯವಾದ ಮಾತೇ ಇರಲಿಲ್ಲ. ಕೇಳುವ ಮಾತಿಲ್ಲದಲ್ಲಿ ಉತ್ತರಗಳು ಹಲವಾಗುವುದು ಸಹಜ.

ಇಷ್ಟು ಮನೆಯ ಮಾತು. ಮನೆಯಿದ್ದೂ ಒಳಗೆ ಯಾರೂ ಇಲ್ಲದ ಸ್ಥಿತಿಯನ್ನು ಈಗ ನೋಡೋಣ.

ಕೆಲವು ಮಳೆಗಾಲಗಳ ಹಿಂದೆ, ಸುಳ್ಯದಿಂದ ಬಹಳ ಒಳಗಿನ ಹಳ್ಳಿಯ ಒಬ್ಬ ವಿದ್ಯಾರ್ಥಿನಿ ಮೂರು ದಿನ ತರಗತಿಗೆ ಬರಲಿಲ್ಲ. ಮರ ಬಿದ್ದು ದಾರಿ ಕಟ್ಟಿತ್ತು. ದೂರವಾಣಿಯ ಸಂಪರ್ಕವೂ ಸತ್ತಿತ್ತು. ಅವಳ ಬಳಿ ಡೆಬಿಯನ್ ಇದ್ದ ಹಳೆಯದೊಂದು ಮಡಿಲಗಣಕವಿತ್ತು. ವಿದ್ಯುತ್ತು ಬಂದುಹೋಗುವ ನಡುವೆ ಅವಳು ಸಿ ಭಾಷೆಯ ಅಭ್ಯಾಸಗಳನ್ನು ಮಾಡಲು ಕುಳಿತಿದ್ದಳು. ನಾಲ್ಕನೆಯ ದಿನ ಬಂದವಳು ನನ್ನೆದುರು ಯಂತ್ರವನ್ನು ತೆರೆದಿಟ್ಟು ಹೇಳಿದಳು:

“ಸರ್, ಏನು ಕೇಳಬೇಕಾದರೂ ಮೊದಲು ಮ್ಯಾನ್ ನೋಡಿ ಅಂತ ನೀವೇ ಹೇಳಿದ್ದು. ಇದರಲ್ಲಿ ಜಿಸಿಸಿ ಉಂಟು, ಅದರ ಪುಸ್ತಕ ಇಲ್ಲ. ಆ ಹೆಸರಿನ ಕೈಪಿಡಿಯೇ ಇಲ್ಲ ಅಂತ ಬರ್ತದೆ.”

“ಬೇರೆ ಆಜ್ಞೆಗಳದ್ದು ಬರುತ್ತದೆಯೋ?”

“ಅದೆಲ್ಲ ಬರ್ತದೆ ಸರ್. ಬೇಕಾದ್ದೇ ಇಲ್ಲ.”

ಜಿಸಿಸಿ ಎಂಬುದು ನಾವು ಬರೆದ ಸಿ ಭಾಷೆಯ ಬರಹವನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ತಂತ್ರಾಂಶ. ಗ್ನೂ ಯೋಜನೆಯವರ ಕೃತಿ. ಅದರ ಕೈಪಿಡಿ ದೊಡ್ಡದು, ಒಳ್ಳೆಯದು. ಹಾಗಿದ್ದೂ ಡೆಬಿಯನ್ನಿನಲ್ಲಿ ತಂತ್ರಾಂಶವನ್ನು ನೆಲೆಗೊಳಿಸಿದಾಗ ಅದು ಜೊತೆಗೆ ಬರುವುದಿಲ್ಲ. ಕಾರಣ ಅಜಾಗರೂಕತೆಯಲ್ಲ, ಒಂದು ತತ್ತ್ವದ ಜಗಳ. ಗ್ನೂ ಯೋಜನೆ ಕೈಪಿಡಿಗಳಿಗೆಂದು ಮಾಡಿದ ಪರವಾನಗಿಯಲ್ಲಿ, ಕೆಲವು ಭಾಗಗಳನ್ನು ಯಾರೂ ಬದಲಿಸಕೂಡದೆಂದು ಕರ್ತೃ ಗೊತ್ತುಪಡಿಸುವುದಕ್ಕೆ ಅವಕಾಶವಿದೆ. ಬದಲಿಸಲಾಗದ ಭಾಗವಿರುವ ಬರಹ ಸ್ವತಂತ್ರ ಬರಹವಲ್ಲವೆಂದು ಡೆಬಿಯನ್ ಬಳಗ 2006ರಲ್ಲಿ ಮತ ಹಾಕಿ ತೀರ್ಮಾನಿಸಿತು. ಜಿಸಿಸಿಯ ಕೈಪಿಡಿಯಲ್ಲಿ ಅಂಥ ಭಾಗವಿದೆ. ಮ್ಯಾನ್ ಬರಹವನ್ನೂ ಆ ಕೈಪಿಡಿಯಿಂದಲೇ ತೆಗೆಯುತ್ತಾರೆ. ಆದುದರಿಂದ ಎರಡೂ ‘ಸ್ವತಂತ್ರವಲ್ಲದ’ ವಿಭಾಗಕ್ಕೆ ಹೋದವು. ಬೇಕಾದವರು ಆ ವಿಭಾಗದ ಬಾಗಿಲನ್ನು ತೆರೆದು ಬೇರೆಯಾಗಿ ತರಿಸಿಕೊಳ್ಳಬೇಕು.

ಎರಡು ಪಕ್ಷದವರೂ ಸ್ವಾತಂತ್ರ್ಯಕ್ಕಾಗಿಯೇ ವಾದಿಸಿದವರು. ಎರಡು ಪಕ್ಷದಲ್ಲಿಯೂ ಹುರುಳಿದೆ. ನಾನು ಇಲ್ಲಿ ನ್ಯಾಯಾಧೀಶನಾಗುವುದಿಲ್ಲ. ಆದರೆ ಆ ಹುಡುಗಿಗೆ ಯಂತ್ರ ಹೇಳಿದ ಮಾತು ‘ಕೈಪಿಡಿ ಇಲ್ಲ’ ಎಂಬಷ್ಟೇ. ‘ಕೈಪಿಡಿ ಇದೆ, ಇಂಥ ಕಾರಣದಿಂದ ಇಲ್ಲಿ ಇಟ್ಟಿಲ್ಲ, ಇಂಥ ಹೆಸರಿನ ಕಟ್ಟನ್ನು ತರಿಸಿಕೋ’ ಎಂದು ಹೇಳಿದ್ದರೆ ಅವಳು ಸಂಪರ್ಕವಿದ್ದ ದಿನವೇ ಅದನ್ನು ತರಿಸಿಟ್ಟುಕೊಳ್ಳಬಹುದಿತ್ತು. ಇಲ್ಲವೆನ್ನುವುದಕ್ಕೂ ಎಲ್ಲಿದೆಯೆಂದು ತಿಳಿಸಿ ಇಲ್ಲವೆನ್ನುವುದಕ್ಕೂ ಬಹಳ ಅಂತರವಿದೆ. ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕವಿಲ್ಲದಿದ್ದರೂ ಒಳ್ಳೆಯ ಗ್ರಂಥಪಾಲಕನು ಅದರ ಜಾಗದಲ್ಲಿ ಒಂದು ಚೀಟಿಯನ್ನು ಇಟ್ಟಿರುತ್ತಾನೆ.

ಕೈಪಿಡಿ ಇಲ್ಲದಿರುವುದಕ್ಕೆ ಇನ್ನೂ ಒಂದು ಕಾರಣವುಂಟು, ಅದು ಮಿತವ್ಯಯ. ಇಂದು ದೊಡ್ಡ ದೊಡ್ಡ ಕಂಪೆನಿಗಳ ಯಂತ್ರಶಾಲೆಗಳಲ್ಲಿ ‘ಕಂಟೈನರ್’ ಎಂಬ ಪುಟ್ಟ ಪುಟ್ಟ ವ್ಯವಸ್ಥೆಗಳು ಸಾವಿರಗಟ್ಟಲೆ ಹುಟ್ಟಿ ಸಾಯುತ್ತವೆ. ಅವುಗಳೊಳಗೆ ಕುಳಿತು ಓದುವವರು ಯಾರೂ ಇಲ್ಲ. ಓದುಗನಿಲ್ಲದಲ್ಲಿ ಗ್ರಂಥವೇಕೆ ಎಂದು, ತಂತ್ರಾಂಶವನ್ನು ಬಿಚ್ಚುವಾಗಲೇ ದಾಖಲೆಗಳನ್ನು ಬಿಟ್ಟುಬಿಡುವಂತೆ ಅಲ್ಲಿ ವಿಧಿಸಿರುತ್ತಾರೆ. ಅಲ್ಲಿಗೆ ಅದು ಸರಿಯೇ. ಡೆಬಿಯನ್ನಿನ ನಿಯಮವೂ ಇದಕ್ಕೆ ಎಡೆಗೊಡುತ್ತದೆ. ದಾಖಲೆಯ ಕೋಶದಲ್ಲಿರುವ ಯಾವ ಕಡತವನ್ನೂ ನೆಚ್ಚಿಕೊಂಡು ತಂತ್ರಾಂಶ ನಡೆಯತಕ್ಕದ್ದಲ್ಲ, ಅವನ್ನೆಲ್ಲ ಅಳಿಸಿದರೂ ಯಂತ್ರ ಕುಂಟಬಾರದು ಎಂಬುದು ಆ ನಿಯಮ. ಯಂತ್ರ ಕುಂಟುವುದಿಲ್ಲ, ನಿಜ. ಆದರೆ ಯಂತ್ರಶಾಲೆಗೆಂದು ಮಾಡಿದ ಬರಿದಾದ ವ್ಯವಸ್ಥೆ, ಹಗುರವಾಗಿದೆಯೆಂಬ ಕಾರಣಕ್ಕೆ, ಕಲಿಯುವವನ ಮೇಜಿಗೂ ಬಂದು ಕುಳಿತರೆ ಕುಂಟುವವನು ಮನುಷ್ಯ. ಈ ಸೀಮೆಯ ಒಂದು ಪ್ರಯೋಗಶಾಲೆಯಲ್ಲಿ, ಹೆಸರು ಬೇಡ, ಮೂವತ್ತು ಯಂತ್ರಗಳಲ್ಲಿ ಒಂದರಲ್ಲಿಯೂ ಮ್ಯಾನ್ ಬರಹಗಳಿಲ್ಲದುದನ್ನು ನಾನು ಕಂಡಿದ್ದೇನೆ. ಒಂದು ವರ್ಷದವರೆಗೆ ಯಾರೂ ದೂರಿರಲಿಲ್ಲ. ಇರಬೇಕಾದುದೊಂದು ಅಲ್ಲಿ ಇರಬೇಕಿತ್ತೆಂದೇ ಆ ಮಕ್ಕಳಿಗೆ ಗೊತ್ತಿರಲಿಲ್ಲವಲ್ಲ!

ಈ ವಿಷಯದಲ್ಲಿ ಉಬುಂಟುವಿನವರ ನಡವಳಿಕೆ ಮೆಚ್ಚತಕ್ಕದ್ದು. ಅವರು ಹಗುರಗೊಳಿಸಿದ ವ್ಯವಸ್ಥೆಯಲ್ಲಿ ಮ್ಯಾನ್ ಎಂದು ಕೇಳಿದರೆ, ಈ ಯಂತ್ರದಿಂದ ಕೆಲವನ್ನು ತೆಗೆದಿದೆ, ಕೈಪಿಡಿಗಳೂ ಸೇರಿದಂತೆ ಅವನ್ನು ಮರಳಿ ಪಡೆಯಬೇಕಾದರೆ ಇಂಥ ಆಜ್ಞೆಯನ್ನು ಕೊಡಿ ಎಂದು ಸ್ಪಷ್ಟವಾಗಿ ತಿಳಿಸುತ್ತದೆ. ನಾನು ಹೇಳಿದ ಚೀಟಿ ಇದೇ.

‘ಇಷ್ಟೆಲ್ಲ ಏಕೆ? ಇಂದು ಎಲ್ಲವೂ ಅಂತರಜಾಲದಲ್ಲಿ ಉಂಟಲ್ಲ’ ಎನ್ನುವವರಿದ್ದಾರೆ. ನಗರದಲ್ಲಿ ಕುಳಿತವರಿಗೆ ಇದು ಸರಿಯಾಗಿ ಕಂಡೀತು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಸಂಪರ್ಕ ಸಿಗುವ ರಸ್ತೆಯ ಬದಿಯಲ್ಲಿ ಮಗಳು ಪಾಠ ಕೇಳುತ್ತ ಕುಳಿತಿದ್ದಾಳೆ. ಸುರಿವ ಮಳೆಯಲ್ಲಿ ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದಾನೆ. ನೋಡಿದವರು ತಂದೆಯ ಪ್ರೀತಿಯನ್ನು ಕೊಂಡಾಡಿದರು, ಕೊಂಡಾಡತಕ್ಕದ್ದೇ. ಆದರೆ ಅಕ್ಷರ ಮನೆಯೊಳಗಿದ್ದಿದ್ದರೆ ಆ ಕೊಡೆಗೆ ಅಷ್ಟು ಕೆಲಸವಿರುತ್ತಿರಲಿಲ್ಲವೆಂದೂ ಯೋಚಿಸಬೇಕು. ಘಟ್ಟದ ಬುಡದ ಈ ಕಾಡುಕಣಿವೆಗಳಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರಿನ ತನಕ ತಂತಿ ಹರಿಯುವುದೂ ಗೋಪುರ ಸಾಯುವುದೂ ವಿಶೇಷವಲ್ಲ. ಇಂಥಲ್ಲಿ ಯಂತ್ರದೊಳಗಿರುವ ಕೈಪಿಡಿ ಮಳೆಗಾಲಕ್ಕೆಂದು ಅಟ್ಟದ ಮೇಲೆ ಕೂಡಿಟ್ಟ ಸೌದೆಯಂತೆ.

ಸಂಪರ್ಕ ಚೆನ್ನಾಗಿದ್ದಲ್ಲಿಯೂ ಅಂತರಜಾಲ ಪೂರ್ತಿ ಉತ್ತರವಲ್ಲ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೆಚ್ಚಾಗಿ ಇತ್ತೀಚಿನ ಆವೃತ್ತಿಯ ವಿವರಣೆ. ನಮ್ಮ ಕಾಲೇಜುಗಳ ಯಂತ್ರಗಳಲ್ಲಿರುವುದು ಎರಡೋ ನಾಲ್ಕೋ ವರ್ಷ ಹಿಂದಿನದು. ಹೊಸ ವಿವರಣೆಯಲ್ಲಿ ಕಂಡ ಸೌಕರ್ಯ ಹಳೆಯ ತಂತ್ರಾಂಶದಲ್ಲಿರುವುದಿಲ್ಲ. ಹಳೆಯದರಲ್ಲಿ ಇರುವುದನ್ನು ಹೊಸ ವಿವರಣೆ ಬಿಟ್ಟಿರುತ್ತದೆ. ಪ್ರಾರಂಭಿಕನಿಗೆ ಇದು ತಿಳಿಯದು. ಪುಸ್ತಕ ಹೇಳಿದಂತೆ ನಡೆಯದಿದ್ದರೆ ತನ್ನ ಬುದ್ಧಿಯನ್ನೇ ಅವನು ಶಂಕಿಸುತ್ತಾನೆ. ತಂತ್ರಾಂಶದ ಕಟ್ಟಿನೊಂದಿಗೆ ನೆಲೆಗೊಂಡ ಕೈಪಿಡಿ ಆ ತಂತ್ರಾಂಶದ ಒಡಹುಟ್ಟು. ಅದರೊಂದಿಗೆ ಬರುತ್ತದೆ, ಅದು ಹೊಸದಾದಾಗ ತಾನೂ ಹೊಸದಾಗುತ್ತದೆ, ಅದು ಹೋದಾಗ ತಾನೂ ಹೋಗುತ್ತದೆ. ಈ ಹೊಂದಿಕೆಯನ್ನು ಅಂತರಜಾಲದ ಹುಡುಕಾಟ ಕೊಡಲಾರದು.

ಇನ್ನು ಮೂರನೆಯ ಪ್ರಶ್ನೆ: ಇದ್ದುದು ಕಾಣುತ್ತದೆಯೇ? ಇಲ್ಲಿ ಸಿರಿವಂತಿಕೆಯೇ ತೊಡಕಾಗಿದೆ. ಮ್ಯಾನ್ ಬರಹಗಳದ್ದು ಒಂದು ಕಪಾಟು. ಗ್ನೂ ಯೋಜನೆಯವರು ಮ್ಯಾನ್ ಬರಹಕ್ಕೆ ಎರಡನೆಯ ಸ್ಥಾನವನ್ನು ಕೊಟ್ಟು, ಅಧ್ಯಾಯಗಳಿಂದ ಕೂಡಿದ ದೊಡ್ಡ ಗ್ರಂಥಗಳಿಗಾಗಿ ‘ಇನ್ಫೋ’ ಎಂಬ ಇನ್ನೊಂದು ಕಪಾಟನ್ನು ಮಾಡಿದರು. ಚಿತ್ರಮಯ ಪರದೆಯ ಸಹಾಯಪುಟಗಳು ಮೂರನೆಯ ಕಪಾಟಿನಲ್ಲಿವೆ. ಜಾಲಪುಟದ ರೂಪದವು, ಅಚ್ಚಿನ ರೂಪದವು ದಾಖಲೆಯ ಕೋಶದಲ್ಲಿವೆ. ಒಂದು ಕಪಾಟಿನ ಕೀಲಿಕೈ ಇನ್ನೊಂದಕ್ಕೆ ಹತ್ತುವುದಿಲ್ಲ. ಮ್ಯಾನ್ ಬರಹಗಳ ಒಂದು ಸಾಲಿನ ಪರಿಚಯಗಳಲ್ಲಿ ಹುಡುಕಿಕೊಡುವ ‘ಅಪ್ರೊಪೊ’ ಎಂಬ ಆಜ್ಞೆಯಿದೆ. ಇನ್ಫೋ ಗ್ರಂಥಗಳಿಗೆ ಒಂದು ಸೂಚಿಯಿದೆ, ಹೊಸ ಗ್ರಂಥ ಬಂದಾಗ ಅದರ ಹೆಸರು ಅಲ್ಲಿ ದಾಖಲಾಗುತ್ತದೆ. ಉಳಿದವುಗಳಿಗಾಗಿ ಡೆಬಿಯನ್ನಿನಲ್ಲಿ ‘ಡಾಕ್ ಬೇಸ್’ ಎಂಬ ಏರ್ಪಾಡಿದೆ. ಕಟ್ಟನ್ನು ಸಿದ್ಧಪಡಿಸುವವನು ದಾಖಲೆಯ ಶೀರ್ಷಿಕೆ, ಸಾರಾಂಶ, ವಿಷಯವಿಭಾಗ, ರೂಪ ಇವನ್ನು ಬರೆದ ಚಿಕ್ಕ ಕಡತವೊಂದನ್ನು ಜೊತೆಗಿಡಬೇಕು. ಸೂಚಿ ತಯಾರಿಸುವ ತಂತ್ರಾಂಶಗಳು ಅದನ್ನು ಓದಿಕೊಳ್ಳುತ್ತವೆ. ಏರ್ಪಾಡು ಒಳ್ಳೆಯದು. ಆದರೆ ಅಂಥ ಕಡತವಿಲ್ಲದ ಕಟ್ಟುಗಳು ಬೇಕಾದಷ್ಟಿವೆ. ಅಂಥ ಸೂಚಿ ಇದೆಯೆಂದು ಬಲ್ಲ ವಿದ್ಯಾರ್ಥಿಗಳಂತೂ ಬೆರಳೆಣಿಕೆಯವರು.

ನನ್ನ ಅಭಿಪ್ರಾಯದಲ್ಲಿ, ಈ ಕ್ಷೇತ್ರದಲ್ಲಿ ಆಗಬೇಕಾದ ಮುಖ್ಯ ಸುಧಾರಣೆ ಇಲ್ಲಿಯೇ ಇದೆ. ಕಪಾಟುಗಳು ನಾಲ್ಕಿರಲಿ, ಬಾಗಿಲಲ್ಲಿ ಕುಳಿತು ‘ಏನು ಬೇಕು?’ ಎಂದು ಕೇಳುವವನು ಒಬ್ಬನೇ ಇರಲಿ. ತಂತ್ರಾಂಶವೊಂದು ನೆಲೆಗೊಂಡ ಕೂಡಲೆ, ‘ಇದರ ಕೈಪಿಡಿ ಇಲ್ಲಿದೆ, ಇದರ ಹೆಚ್ಚಿನ ವಿವರಣೆ ಇಂಥ ಕಟ್ಟಿನಲ್ಲಿದೆ’ ಎಂಬ ಎರಡು ಸಾಲನ್ನು ಯಂತ್ರವೇ ತೋರಿಸಲಿ.

ನಾಲ್ಕನೆಯ ಪ್ರಶ್ನೆ ನಮ್ಮದು. ಅದು ಭಾಷೆಯ ಪ್ರಶ್ನೆ. ಯೂನಿಕ್ಸಿನ ಮನೆಯನ್ನು ಕಟ್ಟಿದವರು ಅನ್ಯಭಾಷೆಗಳಿಗೆ ಕೋಣೆಯನ್ನು ಬಿಡಲು ಮರೆಯಲಿಲ್ಲ. ಮ್ಯಾನ್ ಬರಹಗಳ ಕೋಶದೊಳಗೆ ‘ಕೆಎನ್’ ಎಂಬ ಹೆಸರಿನ ಕೋಶವನ್ನು ಮಾಡಿ ಕನ್ನಡದ ಬರಹಗಳನ್ನು ಇಟ್ಟರಾಯಿತು. ಯಂತ್ರದ ಭಾಷೆ ಕನ್ನಡವೆಂದು ಗೊತ್ತುಪಡಿಸಿದವನಿಗೆ ಮೊದಲು ಅದೇ ತೆರೆದುಕೊಳ್ಳುತ್ತದೆ. ಅಲ್ಲಿ ಇಲ್ಲದುದಕ್ಕೆ ಇಂಗ್ಲಿಷಿನದು ಬರುತ್ತದೆ. ಚಿತ್ರಪರದೆಯ ಸಹಾಯಪುಟಗಳಿಗೂ ಹೀಗೆಯೇ ಭಾಷೆಗೊಂದು ಕೋಶ. ಕನ್ನಡದ ಅಕ್ಷರಗಳು ಯೂನಿಕೋಡಿನಲ್ಲಿ ಸೇರಿದುದು ಅದರ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ. ಕನ್ನಡವನ್ನು ಗಣಕದಲ್ಲಿ ಸರಾಗವಾಗಿ ಕೀಲಿಸುವ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾವ್ ಅವರು ನಮ್ಮ ಜಿಲ್ಲೆಯ ಕಿನ್ನಿಕಂಬಳದವರೇ. ಅಕ್ಷರವುಂಟು, ಕೀಲಿಮಣೆಯುಂಟು, ಕೋಣೆಯೂ ಉಂಟು. ಕೋಣೆಯನ್ನು ತುಂಬುವವರು ಬೇಕು.

ತಾಂತ್ರಿಕ ಅಡಚಣೆಗಳೇ ಇಲ್ಲವೆಂದಲ್ಲ. ಮ್ಯಾನ್ ಬರಹ ತೆರೆಯುವುದು ಅಕ್ಷರಗಳನ್ನು ಸಮಾನವಾದ ಮನೆಗಳಲ್ಲಿ ಕೂರಿಸುವ ಸರಳ ಪರದೆಯಲ್ಲಿ. ಇಂಗ್ಲಿಷಿನ ಅಕ್ಷರಕ್ಕೆ ಅದು ಹೊಂದುತ್ತದೆ. ನಮ್ಮ ಒತ್ತಕ್ಷರ ಗುಣಿತಾಕ್ಷರಗಳು ಆ ಚೌಕದ ಮನೆಗಳಲ್ಲಿ ಮುದುಡಿ ಕೂರಬೇಕಾಗುತ್ತದೆ, ಎಷ್ಟೋ ವೇಳೆ ಬಿಡಿಬಿಡಿಯಾಗಿ ಒಡೆದುಹೋಗುತ್ತವೆ. ಆದುದರಿಂದ ಕನ್ನಡದ ಕೈಪಿಡಿಯನ್ನು ಸದ್ಯಕ್ಕೆ ಜಾಲಪುಟದ ರೂಪದಲ್ಲಿ ದಾಖಲೆಯ ಕೋಶದಲ್ಲಿಟ್ಟು, ಸೂಚಿಯಲ್ಲಿ ಹೆಸರನ್ನು ಬರೆಯಿಸುವುದು ಹೆಚ್ಚು ಉಪಯುಕ್ತವಾದೀತು.

ಇನ್ನೊಂದು ಅಡಚಣೆ ಅನುವಾದ ಹಳತಾಗುವುದು. ಮೂಲ ಬದಲಾಗಿ ಅನುವಾದ ಬದಲಾಗದಿದ್ದರೆ, ಕೈಪಿಡಿ ಇಲ್ಲದಿರುವುದಕ್ಕಿಂತ ಅದು ಹೆಚ್ಚಿನ ಕೇಡು. ಇದಕ್ಕೂ ಉಪಾಯವನ್ನು ಕಂಡುಕೊಂಡಿದ್ದಾರೆ. ‘ಪಿಒಫೋರ್‌ಎ’ ಎಂಬ ಸಾಧನ ಮೂಲವನ್ನು ಕಂಡಿಕೆ ಕಂಡಿಕೆಯಾಗಿ ಬಿಡಿಸಿ ಅನುವಾದಕನ ಮುಂದಿಡುತ್ತದೆ. ಮೂಲದ ಕಂಡಿಕೆಯೊಂದು ಬದಲಾದರೆ ಅದರ ಅನುವಾದವನ್ನು ಬದಿಗಿಟ್ಟು, ಮರಳಿ ತಿದ್ದುವ ತನಕ ಆ ಜಾಗದಲ್ಲಿ ಮೂಲವನ್ನೇ ತೋರಿಸುತ್ತದೆ. ಬೇರೆಯಾಗಿ ವಿಧಿಸದಿದ್ದರೆ, ನೂರಕ್ಕೆ 80ರಷ್ಟು ಅನುವಾದವಾಗದ ಬರಹವನ್ನು ಅದು ಹೊರಗೆ ಬಿಡುವುದೇ ಇಲ್ಲ. ಅನುವಾದಕರಿಗೆ ಇಷ್ಟು ಕಟ್ಟುನಿಟ್ಟಿನ ಮೇಲ್ವಿಚಾರಕ ಅಚ್ಚಿನ ಲೋಕದಲ್ಲಿಯೂ ದೊರಕಲಾರ.

ಕೈಪಿಡಿಯನ್ನು ಕನ್ನಡದಲ್ಲಿ ಬರೆಯಲಾದೀತೇ ಎಂದು ಸಂದೇಹಪಡುವವರು ಪುತ್ತೂರಿನ ಪರ್ಲಡ್ಕದ ಬಾಲವನಕ್ಕೆ ಒಮ್ಮೆ ಹೋಗಿ ಬರಲಿ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದುದು 1936ರಲ್ಲಿ, ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಸಿದ್ಧವಾದ ಪಾರಿಭಾಷಿಕ ಶಬ್ದಗಳಿಗಾಗಿ ಅವರು ಕಾದು ಕೂರಲಿಲ್ಲ. ಓದುಗನಿಗೆ ತಿಳಿಯಬೇಕೆಂಬ ಹಟ ಶಬ್ದವನ್ನು ತಂದುಕೊಟ್ಟಿತು. 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ ಇದೇ ಮಾತಿಗೆ ಇನ್ನೊಂದು ನಿದರ್ಶನ. ಅದರಲ್ಲಿ ಕೃಷಿಕರು ತಾವು ಮಾಡಿ ನೋಡಿದುದನ್ನು ತಾವೇ ಬರೆಯುತ್ತಾರೆ. ಉಪಕರಣವನ್ನು ಬಳಸಿದವನೇ ಅದರ ಕೈಪಿಡಿಯನ್ನು ಬರೆದರೆ ಅದರ ರುಚಿಯೇ ಬೇರೆ. ‘ದೋಷಗಳು’ ಎಂಬ ಶೀರ್ಷಿಕೆಯ ಕೆಳಗೆ ಬರೆಯಬೇಕಾದುದನ್ನು ಅವನಷ್ಟು ಬಲ್ಲವರಿಲ್ಲ.

ಗಡಿಯಾಚೆಗೂ ಒಮ್ಮೆ ನೋಡಬಹುದು. ಪುತ್ತೂರಿನಿಂದ ಪಾಣಾಜೆಯ ದಾರಿಯಾಗಿಯೋ ಸುಳ್ಯದಿಂದ ಜಾಲ್ಸೂರಿನ ದಾರಿಯಾಗಿಯೋ ಹೋದರೆ ಕಾಸರಗೋಡು ಜಿಲ್ಲೆ. ಕೇರಳ ಸರಕಾರ 2001ರಲ್ಲಿ ಶಾಲೆಗಳಿಗಾಗಿ ಪ್ರಾರಂಭಿಸಿದ ಗಣಕ ಶಿಕ್ಷಣದ ಯೋಜನೆ ಮುಂದೆ ಲಿನಕ್ಸನ್ನೇ ಆಧರಿಸಿ ಬೆಳೆಯಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ತಂತ್ರಾಂಶಗಳನ್ನು ಬಳಸುವ ಬಗೆಯನ್ನು ಕಲಿಸುವ ಪಠ್ಯಪುಸ್ತಕಗಳು ಕನ್ನಡದಲ್ಲಿವೆ. ಪರರಾಜ್ಯದಲ್ಲಿ ಅಲ್ಪಸಂಖ್ಯಾತರಾದ ಮಕ್ಕಳಿಗೆ ಸಾಧ್ಯವಾದುದು ಕನ್ನಡದ್ದೇ ರಾಜ್ಯದಲ್ಲಿರುವ ನಮಗೆ ಅಸಾಧ್ಯವೆಂದರೆ ಕೇಳುವವರು ನಕ್ಕಾರು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಮಾತುಗಳನ್ನು ಬಿಟ್ಟು ಕೈಗೆಟಕುವ ನಾಲ್ಕನ್ನು ಹೇಳುವೆ. ಪ್ರಯೋಗಶಾಲೆಯ ಹೊಣೆ ಹೊತ್ತ ಅಧ್ಯಾಪಕರು ಯಂತ್ರಗಳನ್ನು ಅಣಿಗೊಳಿಸುವಾಗ ಮ್ಯಾನ್ ಬರಹಗಳು ಬಂದಿವೆಯೇ ಎಂದು ನೋಡಬೇಕು; ಪಾಠಕ್ಕೆ ಬೇಕಾದ ತಂತ್ರಾಂಶಗಳ ದಾಖಲೆಯ ಕಟ್ಟುಗಳು ಬೇರೆಯಾಗಿದ್ದರೆ ಅವನ್ನೂ ತರಿಸಬೇಕು. ಎರಡನೆಯದಾಗಿ, ಮೇ ತಿಂಗಳಲ್ಲಿ, ಮಳೆ ಬರುವ ಮೊದಲು, ಆ ಕಟ್ಟುಗಳನ್ನೆಲ್ಲ ಒಂದು ಪೆನ್ ಡ್ರೈವಿನಲ್ಲಿ ತುಂಬಿ ದೂರದ ಹಳ್ಳಿಯ ಮಕ್ಕಳಿಗೆ ಕೊಡಬೇಕು. ಮೂರನೆಯದಾಗಿ, ಈ ಸೀಮೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ವರ್ಷಾಂತ್ಯದಲ್ಲಿ ಯೋಜನಾಕಾರ್ಯವೆಂದು ಒಂದೊಂದು ಹೊಸ ತಂತ್ರಾಂಶವನ್ನು ಮಾಡುತ್ತಾರಷ್ಟೆ; ಅದರ ಕೈಪಿಡಿ ಸರಿಯಾದ ಕೋಶದಲ್ಲಿ ಸರಿಯಾದ ಹೆಸರಿನಿಂದ ನೆಲೆಗೊಳ್ಳದೆ ಅಂಕ ಕೊಡಕೂಡದು. ನಾಲ್ಕನೆಯದು ಕನ್ನಡದ ಅಧ್ಯಾಪಕರಿಗೆ ಸೇರಿದುದು. ಗಣಕದ ವಿದ್ಯಾರ್ಥಿಯನ್ನೂ ಕನ್ನಡದ ವಿದ್ಯಾರ್ಥಿಯನ್ನೂ ಒಂದೇ ಮೇಜಿನ ಎರಡು ಬದಿಗೆ ಕೂರಿಸಿ, ವರ್ಷಕ್ಕೆ ಹತ್ತು ಮ್ಯಾನ್ ಬರಹಗಳನ್ನು ಕನ್ನಡಕ್ಕೆ ತರಿಸಬೇಕು. ಒಬ್ಬನಿಗೆ ವಿಷಯ ತಿಳಿಯುತ್ತದೆ, ಒಬ್ಬನಿಗೆ ವಾಕ್ಯ ತಿಳಿಯುತ್ತದೆ. ಇಬ್ಬರಿಗೂ ಒಪ್ಪಿಗೆಯಾಗುವ ತನಕ ತಿದ್ದಿದ ಬರಹ ಓದುಗನಿಗೂ ತಿಳಿಯದೆ ಇರದು.

ಇವುಗಳಲ್ಲಿ ಒಂದಕ್ಕೂ ಸರಕಾರದ ಅಪ್ಪಣೆ ಬೇಡ, ದೊಡ್ಡ ಧನವೂ ಬೇಡ. ಹತ್ತೇ ಬರಹಗಳಾದರೂ ಆ ಖಾಲಿ ಕೋಶದಲ್ಲಿ ಹೋಗಿ ಕುಳಿತರೆ, ಯಾವುದೋ ಊರಿನ ಯಾವುದೋ ಮಗು ಒಂದು ರಾತ್ರಿ ಯಂತ್ರವನ್ನು ಪ್ರಶ್ನೆ ಕೇಳಿದಾಗ ಅದು ಕನ್ನಡದಲ್ಲಿ ಉತ್ತರ ಕೊಡುತ್ತದೆ. ಬರೆದವರ ಹೆಸರು ಆ ಮಗುವಿಗೆ ಗೊತ್ತಾಗಲಾರದು. ಒಳ್ಳೆಯ ಕೈಪಿಡಿಯನ್ನು ಬರೆದವರಿಗೆ ಆ ಅಜ್ಞಾತವಾಸ ಬೇಸರದ ವಿಷಯವೂ ಅಲ್ಲ.